ಬಫಿಯ ಊರಿನಲ್ಲಿ ಯಾರ ಮಾತು ನಡೆಯುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

‘ಬಫಿ ದ ವ್ಯಾಂಪೈರ್ ಸ್ಲೇಯರ್’ ಧಾರಾವಾಹಿ ನೋಡಿದವರ ಜೊತೆ ಮಾತಿಗೆ ಕೂತರೆ ಮೊದಲ ಅರ್ಧ ಗಂಟೆ ಬಫಿಯ ಬದುಕಿಗೆ ಬಂದ ಇಬ್ಬರು ವ್ಯಾಂಪೈರ್‌ಗಳಲ್ಲಿ ಏಂಜೆಲ್ ಒಳ್ಳೆಯವನೋ ಸ್ಪೈಕ್ ಒಳ್ಳೆಯವನೋ ಅನ್ನುವುದರಲ್ಲೇ ಕಳೆಯುತ್ತದೆ. ಆಮೇಲೆ ಮಾತು ಬೇರೆ ಕಡೆ ತಿರುಗುತ್ತದೆ. ಆ ಕೌನ್ಸಿಲ್‌ನವರಿಗೆ ಅಷ್ಟು ಹಕ್ಕು ಕೊಟ್ಟವರು ಯಾರು? ಜೈಲ್ಸ್ ಹಾಗೆ ಮಾಡಬಹುದಿತ್ತಾ? ಬಫಿಯನ್ನು ಅವಳ ಮನೆಯಿಂದಲೇ ಹೊರಗೆ ಕಳಿಸಿದ್ದು ನ್ಯಾಯವಾ? ಈ ಎರಡನೇ ಬಗೆಯ ಪ್ರಶ್ನೆಗಳಿಗೆ ನನ್ನ ಉತ್ತರಗಳು ಇಲ್ಲಿವೆ. ಏಳೂ ಸೀಸನ್‌ಗಳ ಕಥೆ ಇದರಲ್ಲಿ ಬಯಲಾಗುತ್ತದೆ. ಇನ್ನೂ ನೋಡದವರು ಮೊದಲು ನೋಡಿ, ಆಮೇಲೆ ಬನ್ನಿ.

ಇದು ಯಾವ ಧಾರಾವಾಹಿ? ಕಥೆ ಏನು?

ಅಮೆರಿಕದ್ದು. 1997ರ ಮಾರ್ಚ್ 10ರಂದು ಡಬ್ಲ್ಯೂಬಿ ಚಾನೆಲ್‌ನಲ್ಲಿ ಶುರುವಾಯಿತು. ಐದು ಸೀಸನ್ ಆದ ಮೇಲೆ ಯುಪಿಎನ್ ಚಾನೆಲ್‌ಗೆ ಹೋಯಿತು. 2003ರ ಮೇ 20ರಂದು ಮುಗಿಯಿತು. ಒಟ್ಟು 144 ಕಂತು. ಇದನ್ನು ಹುಟ್ಟುಹಾಕಿದವರು ಜಾಸ್ ವೀಡನ್. ಬಫಿಯಾಗಿ ನಟಿಸಿದವರು ಸಾರಾ ಮಿಶೆಲ್ ಗೆಲ್ಲರ್.

ಕ್ಯಾಲಿಫೋರ್ನಿಯಾದಲ್ಲಿ ಸನ್ನಿಡೇಲ್ ಅಂತ ಒಂದು ಕಾಲ್ಪನಿಕ ಊರು. ಅಲ್ಲಿನ ಹೈಸ್ಕೂಲ್ ಲೈಬ್ರರಿಯ ಕೆಳಗೆ ಹೆಲ್‌ಮೌತ್, ಅಂದರೆ ನರಕದ ಬಾಯಿ. ದೆವ್ವಗಳು, ರಕ್ತ ಕುಡಿಯುವ ವ್ಯಾಂಪೈರ್‌ಗಳು ಅದರ ಸೆಳೆತಕ್ಕೆ ಊರಿಗೆ ಬರುತ್ತವೆ. ಅವುಗಳ ಜೊತೆ ಹೋರಾಡುವ ಶಕ್ತಿ ಇಡೀ ಲೋಕದಲ್ಲಿ ಒಬ್ಬ ಹುಡುಗಿಗೆ ಮಾತ್ರ ಇರುತ್ತದೆ. ಅವಳೇ ಸ್ಲೇಯರ್. ಅವಳು ಸತ್ತರೆ ಆ ಶಕ್ತಿ ಇನ್ನೆಲ್ಲೋ ಇರುವ ಇನ್ನೊಬ್ಬ ಹುಡುಗಿಗೆ ಹೋಗುತ್ತದೆ. ಕಥೆ ಶುರುವಾದಾಗ ಬಫಿಗೆ ಹದಿನಾರು ವರ್ಷ.

ವಾಚರ್ಸ್ ಕೌನ್ಸಿಲ್ ಅಂದರೆ ಯಾರು? ಅವರಿಗೆ ಅಧಿಕಾರ ಎಲ್ಲಿಂದ ಬಂತು?

ಇಂಗ್ಲೆಂಡಿನಲ್ಲಿ ಕೂತು ಸ್ಲೇಯರ್‌ಗಳನ್ನು ನಡೆಸುವ ಹಳೆಯ ಸಂಸ್ಥೆ ಇದು. ಪ್ರತಿ ಸ್ಲೇಯರ್‌ಗೂ ಒಬ್ಬ ವಾಚರ್‌ನನ್ನು ಕೊಡುತ್ತದೆ. ಅವನು ಅವಳಿಗೆ ಕಲಿಸಬೇಕು, ದಾರಿ ತೋರಿಸಬೇಕು, ಅವಳ ಬಗ್ಗೆ ವರದಿ ಕಳಿಸಬೇಕು. ಬಫಿಯ ವಾಚರ್ ರೂಪರ್ಟ್ ಜೈಲ್ಸ್. ಊರಿನವರ ಕಣ್ಣಿಗೆ ಅವನು ಶಾಲೆಯ ಲೈಬ್ರರಿಯನ್.

ಅಧಿಕಾರ ಎಲ್ಲಿಂದ ಬಂತು ಅನ್ನುವುದಕ್ಕೆ ಧಾರಾವಾಹಿ ಆರು ಸೀಸನ್ ಉತ್ತರವನ್ನೇ ಕೊಡುವುದಿಲ್ಲ. ಹಿಂದಿನಿಂದ ಹೀಗೇ ನಡೆದುಕೊಂಡು ಬಂದಿದೆ, ಅಷ್ಟೇ. ನಮ್ಮ ಮನೆಗಳಲ್ಲೂ ಈ ಉತ್ತರ ಕೇಳಿದ್ದೇವೆ, ಅಲ್ವಾ? ಏಳನೇ ಸೀಸನ್‌ನ ‘ಗೆಟ್ ಇಟ್ ಡನ್’ ಕಂತಿನಲ್ಲಿ ಬುಡ ಕಾಣುತ್ತದೆ. ಬಹಳ ಹಿಂದೆ ಕೆಲವು ಗಂಡಸರು ಒಬ್ಬ ಹುಡುಗಿಯನ್ನು ಹಿಡಿದು, ನೆಲಕ್ಕೆ ಸರಪಳಿಯಲ್ಲಿ ಬಿಗಿದು, ಒಂದು ದೆವ್ವದ ಸತ್ವವನ್ನು ಅವಳೊಳಗೆ ತುಂಬಿದರು. ಅವಳೇ ಮೊದಲ ಸ್ಲೇಯರ್. ಆ ಗಂಡಸರ ಸಾಲೇ ಮುಂದೆ ಕೌನ್ಸಿಲ್ ಆಯಿತು. ಬಫಿ ಅವರನ್ನು ಎದುರು ಕಂಡಾಗ ಅವಳನ್ನೂ ಹಾಗೇ ಕಟ್ಟಿಹಾಕುತ್ತಾರೆ. ಇನ್ನೂ ಜಾಸ್ತಿ ಶಕ್ತಿ ಕೊಡುತ್ತೇವೆ ಅನ್ನುತ್ತಾರೆ. ಅವಳು ಬೇಡ ಅನ್ನುತ್ತಾಳೆ. ಅವರ ಕೋಲನ್ನು ಮುರಿದು ಹಾಕುತ್ತಾಳೆ.

ಕೌನ್ಸಿಲ್‌ನವರಲ್ಲಿ ಒಬ್ಬರಿಗೂ ಬಫಿಯ ಎದುರು ಐದು ನಿಮಿಷ ನಿಲ್ಲುವ ತಾಕತ್ತಿಲ್ಲ. ಆದರೂ ಅವರ ಮಾತು ನಡೆಯುತ್ತದೆ. ಯಾಕೆ? ಅವಳಿಗೆ ಏನು ಹೇಳಬೇಕು, ಏನು ಹೇಳಬಾರದು ಅಂತ ತೀರ್ಮಾನ ಮಾಡುವವರು ಅವರು. ಪುಸ್ತಕ ಅವರ ಕೈಯಲ್ಲಿದೆ. ಈ ಧಾರಾವಾಹಿಯಲ್ಲಿ ಅಧಿಕಾರ ಅಂದರೆ ಮುಖ್ಯವಾಗಿ ಇದೇ ಅಂತ ನನಗೆ ಅನ್ನಿಸುತ್ತದೆ. ಯಾರು ಯಾರಿಂದ ಏನು ಮುಚ್ಚಿಟ್ಟರು ಅಂತ ನೋಡುತ್ತಾ ಹೋದರೆ, ಆ ಗಳಿಗೆಯಲ್ಲಿ ಮೇಲೆ ಇರುವವರು ಯಾರು ಅಂತ ಗೊತ್ತಾಗುತ್ತದೆ.

ಹದಿನೆಂಟನೇ ಹುಟ್ಟುಹಬ್ಬದ ಆ ಪರೀಕ್ಷೆ ಏನು? ಯಾಕೆ ಅದರ ಬಗ್ಗೆ ಇಷ್ಟು ಮಾತು?

ಮೂರನೇ ಸೀಸನ್‌ನ ‘ಹೆಲ್ಪ್‌ಲೆಸ್’ ಕಂತು. ಸ್ಲೇಯರ್‌ಗಳು ಸಾಮಾನ್ಯವಾಗಿ ಚಿಕ್ಕ ವಯಸ್ಸಿಗೇ ಸಾಯುತ್ತಾರೆ. ಹದಿನೆಂಟು ಮುಟ್ಟಿದವಳಿಗೆ ಕೌನ್ಸಿಲ್ ಒಂದು ಪರೀಕ್ಷೆ ಇಟ್ಟಿದೆ. ಹೆಸರು ಕ್ರೂಸಿಯಾಮೆಂಟಮ್. ಅವಳಿಗೆ ಗೊತ್ತಾಗದಂತೆ ಔಷಧಿ ಕೊಟ್ಟು ಶಕ್ತಿ ಇಳಿಸುತ್ತಾರೆ. ಆಮೇಲೆ ಒಂದು ವ್ಯಾಂಪೈರ್ ಜೊತೆ ಮನೆಯೊಂದರಲ್ಲಿ ಕೂಡಿ ಬೀಗ ಹಾಕುತ್ತಾರೆ. ಬರೀ ಬುದ್ಧಿಯಿಂದ ಬದುಕಿ ಬರಬೇಕು.

ಔಷಧಿ ಚುಚ್ಚುವವನು ಜೈಲ್ಸ್. ಪಾಠದ ನೆಪದಲ್ಲಿ ಒಂದು ಹರಳನ್ನು ದಿಟ್ಟಿಸಿ ನೋಡು ಅನ್ನುತ್ತಾನೆ. ಅವಳು ಮೈಮರೆತಾಗ ತೋಳಿಗೆ ಸೂಜಿ ಚುಚ್ಚುತ್ತಾನೆ. ಅವಳು ಇವನನ್ನು ನಂಬಿ ಕೂತಿದ್ದಾಳೆ. ಆ ದೃಶ್ಯ ನೋಡುವಾಗ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮುಂದಿನ ದಿನಗಳಲ್ಲಿ ಬಫಿಗೆ ಗುರಿ ತಪ್ಪುತ್ತದೆ, ದಾರಿಯಲ್ಲಿ ಒಬ್ಬ ಸಾಮಾನ್ಯ ಗಂಡಸಿಗೂ ಹೆದರಬೇಕಾಗುತ್ತದೆ. ತನಗೆ ಏನೋ ಆಗಿದೆ ಅಂತ ಓಡಿ ಬರುವುದು ಜೈಲ್ಸ್ ಹತ್ತಿರವೇ. ಅವನು ಏನೂ ಆಗಿಲ್ಲ ಅಂತ ಸಮಾಧಾನ ಹೇಳುತ್ತಾನೆ.

ಪರೀಕ್ಷೆಗೆ ತಂದ ವ್ಯಾಂಪೈರ್ ಕ್ರಾಲಿಕ್ ತಪ್ಪಿಸಿಕೊಳ್ಳುತ್ತಾನೆ. ಕಾವಲಿಗಿದ್ದ ಕೌನ್ಸಿಲ್‌ನವರೇ ಬಲಿಯಾಗುತ್ತಾರೆ. ಬಫಿಯ ತಾಯಿ ಜಾಯ್ಸ್‌ಳನ್ನು ಅವನು ಎತ್ತಿಕೊಂಡು ಹೋಗುತ್ತಾನೆ. ಅಷ್ಟು ಹೊತ್ತಿಗೆ ಜೈಲ್ಸ್ ಬಫಿಯ ಎದುರು ಬಾಯಿ ಬಿಟ್ಟಿರುತ್ತಾನೆ. ಬಫಿ ಶಕ್ತಿ ಇಲ್ಲದೆಯೇ ಆ ಮನೆಗೆ ಹೋಗುತ್ತಾಳೆ. ಕ್ರಾಲಿಕ್‌ಗೆ ಮಾತ್ರೆ ನುಂಗುವ ಅಭ್ಯಾಸ ಇದೆ. ಅವನು ಮಾತ್ರೆಗೆ ಕುಡಿಯುವ ನೀರಿನ ಬದಲು ಪವಿತ್ರ ಜಲ ಇಟ್ಟು ಗೆಲ್ಲುತ್ತಾಳೆ.

ಕೌನ್ಸಿಲ್‌ನ ಮುಖ್ಯಸ್ಥ ಕ್ವೆಂಟಿನ್ ಟ್ರಾವರ್ಸ್ ಬಂದು ಅವಳು ಪಾಸ್ ಅನ್ನುತ್ತಾನೆ. ಜೈಲ್ಸ್‌ನನ್ನು ಕೆಲಸದಿಂದ ತೆಗೆಯುತ್ತಾನೆ. ಕಾರಣ ಕೇಳಿ: ಅವನಿಗೆ ಬಫಿಯ ಮೇಲೆ ತಂದೆಯ ಪ್ರೀತಿ ಇದೆ, ಅದು ಕೆಲಸಕ್ಕೆ ಅಡ್ಡಿ. ಔಷಧಿ ಚುಚ್ಚಿದ್ದು ತಪ್ಪಾಗಲಿಲ್ಲ. ಸತ್ಯ ಹೇಳಿದ್ದು ತಪ್ಪಾಯಿತು.

ಈ ಪರೀಕ್ಷೆಯಿಂದ ಯಾರಿಗೆ ಲಾಭ? ಹದಿನೆಂಟಕ್ಕೆ ಬಂದ ಸ್ಲೇಯರ್ ಅನುಭವಿ, ಬಲಶಾಲಿ, ಇನ್ನು ಮೇಲೆ ಪ್ರಶ್ನೆ ಕೇಳುವವಳು. ಸರಿಯಾಗಿ ಅದೇ ಹೊತ್ತಿಗೆ ಅವಳನ್ನು ಸಾವಿನ ಬಾಯಿಗೆ ತಳ್ಳುವ ನಿಯಮ ಮಾಡಿದ್ದಾರೆ. ಸತ್ತರೆ ಹೊಸ ಹುಡುಗಿ ಸಿಗುತ್ತಾಳೆ, ಹೇಳಿದ ಮಾತು ಕೇಳುತ್ತಾಳೆ. ಹೀಗೆ ಅಂತ ಧಾರಾವಾಹಿ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ನನಗೆ ಬೇರೆ ಕಾರಣ ಹೊಳೆಯುವುದಿಲ್ಲ.

ಹಾಗಾದರೆ ಜೈಲ್ಸ್ ಒಳ್ಳೆಯವನಾ ಕೆಟ್ಟವನಾ?

ಒಳ್ಳೆಯವನು. ಬಫಿಯನ್ನು ಮಗಳಂತೆ ಪ್ರೀತಿಸುತ್ತಾನೆ. ಅದಕ್ಕೇ ಅವನ ತಪ್ಪುಗಳು ಅಷ್ಟು ನೋವು ಕೊಡುತ್ತವೆ.

ಮೊದಲ ಸೀಸನ್‌ನ ಕೊನೆ ‘ಪ್ರೊಫೆಸಿ ಗರ್ಲ್’ ನೆನಪಿಸಿಕೊಳ್ಳಿ. ಸ್ಲೇಯರ್ ಸಾಯುತ್ತಾಳೆ ಅಂತ ಹಳೆಯ ಗ್ರಂಥದಲ್ಲಿ ಓದುತ್ತಾನೆ. ಅವಳಿಗೆ ಹೇಳುವುದಿಲ್ಲ. ಬೇರೆಯವರ ಜೊತೆ ಮಾತಾಡುವಾಗ ಅವಳು ಕದ್ದು ಕೇಳಿಸಿಕೊಳ್ಳುತ್ತಾಳೆ. ತನಗೆ ಹದಿನಾರು ವರ್ಷ, ಸಾಯಲು ಇಷ್ಟ ಇಲ್ಲ ಅಂತ ಅಳುತ್ತಾಳೆ. ಆಮೇಲೆ ಜೈಲ್ಸ್ ಅವಳ ಬದಲು ತಾನೇ ಹೋಗಲು ಎದ್ದು ನಿಲ್ಲುತ್ತಾನೆ. ಅವಳು ಅವನನ್ನು ಹೊಡೆದು ಬೀಳಿಸಿ ತಾನೇ ಹೋಗುತ್ತಾಳೆ. ಮುಚ್ಚಿಟ್ಟವನೂ ಅವನೇ, ಪ್ರಾಣ ಕೊಡಲು ಎದ್ದವನೂ ಅವನೇ.

ಐದನೇ ಸೀಸನ್‌ನ ಕೊನೆಯಲ್ಲಿ ಬೆನ್ ಅನ್ನುವ ಯುವಕನನ್ನು ಉಸಿರುಗಟ್ಟಿಸಿ ಕೊಲ್ಲುತ್ತಾನೆ. ಬೆನ್ ಒಳಗೆ ಗ್ಲೋರಿ ಅನ್ನುವ ದೇವತೆ ಇದ್ದಾಳೆ, ಇವನು ಬದುಕಿದರೆ ಅವಳು ಮತ್ತೆ ಬರುತ್ತಾಳೆ. ಬಫಿ ಬೆನ್‌ನನ್ನು ಕೊಲ್ಲುವುದಿಲ್ಲ, ಆದ್ದರಿಂದ ತಾನು ಮಾಡಬೇಕು ಅಂತ ಜೈಲ್ಸ್ ತೀರ್ಮಾನಿಸುತ್ತಾನೆ. ಏಳನೇ ಸೀಸನ್‌ನಲ್ಲಿ ಇದೇ ಬುದ್ಧಿ ಅವನಿಗೆ ಕೈಕೊಡುತ್ತದೆ. ಸ್ಪೈಕ್‌ನನ್ನು ಬೇರೊಬ್ಬ ಕೊಲ್ಲಲು ಹೋದಾಗ, ಬಫಿ ಅಡ್ಡ ಬರಬಾರದು ಅಂತ ಅವಳನ್ನು ಸ್ಮಶಾನದಲ್ಲಿ ಪಾಠದ ನೆಪದಲ್ಲಿ ನಿಲ್ಲಿಸಿಕೊಳ್ಳುತ್ತಾನೆ. ಮತ್ತೆ ಪಾಠದ ನೆಪ! ಅವತ್ತು ರಾತ್ರಿ ಬಫಿ, ನೀನು ಕಲಿಸಬೇಕಾದ್ದೆಲ್ಲ ಕಲಿಸಿಯಾಯಿತು ಅಂತ ಹೇಳಿ ಬಾಗಿಲು ಮುಚ್ಚುತ್ತಾಳೆ.

ಬಫಿ ಕೌನ್ಸಿಲ್‌ಗೆ ತಿರುಗಿ ಬಿದ್ದದ್ದು ಯಾವಾಗ?

ಎರಡು ಹಂತದಲ್ಲಿ. ಮೂರನೇ ಸೀಸನ್‌ನ ಕೊನೆಗೆ ಏಂಜೆಲ್‌ಗೆ ವಿಷ ಏರಿದಾಗ ಕೌನ್ಸಿಲ್ ಸಹಾಯ ಮಾಡಲು ಒಪ್ಪುವುದಿಲ್ಲ. ಅವನು ವ್ಯಾಂಪೈರ್, ನಮಗೇನು ಅನ್ನುತ್ತದೆ. ಬಫಿ ಕೌನ್ಸಿಲ್ ಬಿಟ್ಟುಬಿಡುತ್ತಾಳೆ.

ಎರಡನೆಯದು ಐದನೇ ಸೀಸನ್‌ನ ‘ಚೆಕ್‌ಪಾಯಿಂಟ್’. ಗ್ಲೋರಿ ಯಾರು ಅಂತ ಕೌನ್ಸಿಲ್‌ಗೆ ಗೊತ್ತಾಗಿದೆ. ಟ್ರಾವರ್ಸ್ ದಂಡು ಕಟ್ಟಿಕೊಂಡು ಬರುತ್ತಾನೆ. ಮಾಹಿತಿ ಬೇಕಾದರೆ ಬಫಿ ಪರೀಕ್ಷೆ ಕೊಡಬೇಕು. ಇಲ್ಲದಿದ್ದರೆ ಜೈಲ್ಸ್‌ನನ್ನು ದೇಶ ಬಿಡಿಸುತ್ತೇವೆ, ಅವನು ಈಗ ನಡೆಸುತ್ತಿರುವ ಅಂಗಡಿ ಮುಚ್ಚಿಸುತ್ತೇವೆ. ಗೆಳೆಯರನ್ನೂ ಒಬ್ಬೊಬ್ಬರನ್ನೇ ಕೂರಿಸಿ ವಿಚಾರಣೆ ಮಾಡುತ್ತಾರೆ. ಬಫಿ ನಿಜವಾಗಿಯೂ ಹೆದರುತ್ತಾಳೆ. ಕಾಲೇಜಿನ ಓದು, ತಂಗಿಯ ಚಿಂತೆ, ಈಗ ಇದು.

ಆ ಹೊತ್ತಿಗೆ ಗ್ಲೋರಿ ಅವಳ ಮನೆಗೇ ಬಂದು ಬೆದರಿಸಿ ಹೋಗುತ್ತಾಳೆ. ಹೊಡೆಯುವುದಿಲ್ಲ, ಮಾತಾಡಿ ಹೋಗುತ್ತಾಳೆ. ಅಲ್ಲಿ ಬಫಿಗೆ ಒಂದು ವಿಷಯ ಹೊಳೆಯುತ್ತದೆ. ಎಲ್ಲರೂ ನನ್ನ ಹತ್ತಿರ ಯಾಕೆ ಬರುತ್ತಿದ್ದಾರೆ? ನನ್ನ ಹತ್ತಿರ ಅವರಿಗೆ ಬೇಕಾದದ್ದು ಇದೆ. ಪರೀಕ್ಷೆಗೆ ತಡವಾಗಿ ಬರುತ್ತಾಳೆ, ಪರೀಕ್ಷೆ ಇಲ್ಲ ಅನ್ನುತ್ತಾಳೆ. ಸ್ಲೇಯರ್ ಇಲ್ಲದಿದ್ದರೆ ಕೌನ್ಸಿಲ್‌ಗೆ ಮಾಡಲು ಕೆಲಸವೇ ಇಲ್ಲ ಅಂತ ಮುಖಕ್ಕೆ ಹೇಳುತ್ತಾಳೆ. ನಡುವೆ ಬಾಯಿ ಹಾಕಿದವನ ಪಕ್ಕದ ಗೋಡೆಗೆ ಕತ್ತಿ ಎಸೆಯುತ್ತಾಳೆ. ಗೆಳೆಯರು ಜೊತೆಯಲ್ಲೇ ಇರುತ್ತಾರೆ. ಜೈಲ್ಸ್‌ಗೆ ಕೆಲಸ ವಾಪಸ್ ಕೊಡಬೇಕು, ತೆಗೆದ ದಿನದಿಂದ ಲೆಕ್ಕ ಹಾಕಿ ಸಂಬಳವನ್ನೂ ಕೊಡಬೇಕು.

ಟ್ರಾವರ್ಸ್ ಎಲ್ಲದಕ್ಕೂ ಒಪ್ಪಿ, ಗ್ಲೋರಿ ದೆವ್ವವಲ್ಲ, ದೇವತೆ ಅಂತ ಬಾಯಿಬಿಡುತ್ತಾನೆ. ಆ ಒಂದು ಪದವನ್ನು ಇಷ್ಟು ಹೊತ್ತು ಕೈಯಲ್ಲಿ ಹಿಡಿದುಕೊಂಡು ಆಟ ಆಡಿಸಿದ್ದರು. ಅವಳು ಸೋತರೆ ಲೋಕವೇ ಹೋಗುತ್ತಿತ್ತು. ಲೋಕಕ್ಕಿಂತ ತಮ್ಮ ಮಾತು ನಡೆಯುವುದು ಅವರಿಗೆ ಮುಖ್ಯವಾಗಿತ್ತು.

ಬಫಿಗೆ ಇದಕ್ಕೆಲ್ಲ ಸಂಬಳ ಇತ್ತಾ?

ಇರಲಿಲ್ಲ. ವಾಚರ್‌ಗಳಿಗೆ ಇತ್ತು. ಆರನೇ ಸೀಸನ್‌ನಲ್ಲಿ ತಾಯಿ ತೀರಿಕೊಂಡಿದ್ದಾಳೆ, ಮನೆಯ ನಲ್ಲಿ ಪೈಪು ಒಡೆದಿದೆ, ಬ್ಯಾಂಕು ಸಾಲ ಕೊಡುವುದಿಲ್ಲ. ಲೋಕವನ್ನು ಹಲವು ಸಲ ಉಳಿಸಿದ ಹುಡುಗಿ ಬರ್ಗರ್ ಅಂಗಡಿಯಲ್ಲಿ ಟೋಪಿ ಹಾಕಿಕೊಂಡು ನಿಲ್ಲುತ್ತಾಳೆ. ಅನೇಕರು ಈ ಭಾಗ ಬೇಸರ ತರಿಸುತ್ತದೆ ಅನ್ನುತ್ತಾರೆ. ನನಗೆ ಇದು ಬಹಳ ಬೇಕಾದ ಭಾಗ. ದುಡಿಸಿಕೊಳ್ಳುವುದಕ್ಕೆ ಪವಿತ್ರ ಕರ್ತವ್ಯ ಅಂತ ಹೆಸರಿಟ್ಟರೆ ಕೂಲಿ ಕೊಡುವ ಮಾತೇ ಬರುವುದಿಲ್ಲ. ಮನೆಗೆಲಸ ಮಾಡುವ ಎಷ್ಟೋ ಹೆಂಗಸರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕೆಂಡ್ರಾ ಮತ್ತು ಫೇತ್ ಕೂಡ ಸ್ಲೇಯರ್‌ಗಳೇ. ಅವರ ಕಥೆ ಯಾಕೆ ಬೇರೆಯಾಯಿತು?

ಬಫಿ ಒಮ್ಮೆ ನೀರಿನಲ್ಲಿ ಮುಳುಗಿ ಕೆಲವು ಗಳಿಗೆ ಸತ್ತಿದ್ದಳು. ಗೆಳೆಯ ಜ್ಯಾಂಡರ್ ಉಸಿರು ಕೊಟ್ಟು ಬದುಕಿಸಿದ. ಆ ಗಳಿಗೆಯಲ್ಲಿ ಶಕ್ತಿ ಕೆಂಡ್ರಾಗೆ ಹೋಗಿತ್ತು.

ಕೆಂಡ್ರಾ ಕೌನ್ಸಿಲ್ ಬಯಸಿದ ಹುಡುಗಿ. ತೀರಾ ಚಿಕ್ಕವಳಿದ್ದಾಗಲೇ ತಂದೆ ತಾಯಿ ಅವಳನ್ನು ವಾಚರ್ ಕೈಗೆ ಒಪ್ಪಿಸಿದ್ದರು. ಗೆಳೆಯರಿಲ್ಲ, ಹುಡುಗರ ಜೊತೆ ಮಾತಿಲ್ಲ. ಮನೆತನದ ಹೆಸರು ಕೂಡ ಇಲ್ಲ. ನಿಯಮದ ಪುಸ್ತಕವನ್ನು ಅರೆದು ಕುಡಿದಿದ್ದಾಳೆ. ಬಂದ ಸೀಸನ್‌ನಲ್ಲೇ ಸಾಯುತ್ತಾಳೆ. ಬಫಿಗೆ ಮನೆ, ಅಮ್ಮ, ಗೆಳೆಯರು ಇದ್ದರು. ಕೌನ್ಸಿಲ್ ಯಾವುದನ್ನು ದೌರ್ಬಲ್ಯ ಅನ್ನುತ್ತಿತ್ತೋ ಅದೇ ಅವಳನ್ನು ಉಳಿಸುತ್ತಾ ಬಂತು.

ಫೇತ್ ಕಥೆ ಇನ್ನೂ ಕಷ್ಟದ್ದು. ಅವಳ ವಾಚರ್ ಕಣ್ಣೆದುರೇ ಸತ್ತಿದ್ದಾಳೆ. ಸನ್ನಿಡೇಲ್‌ಗೆ ಬಂದವಳು ಒಂದು ಹಳೆಯ ಮೋಟೆಲ್ ಕೋಣೆಯಲ್ಲಿ ಒಬ್ಬಳೇ ಇರುತ್ತಾಳೆ. ಯಾರೂ ಅವಳಿಗೊಂದು ಸರಿಯಾದ ಮನೆ ನೋಡುವುದಿಲ್ಲ. ಬಫಿಯ ಗೆಳೆಯರೂ ನೋಡುವುದಿಲ್ಲ, ಜೈಲ್ಸ್ ಕೂಡ ನೋಡುವುದಿಲ್ಲ. ಕತ್ತಲಲ್ಲಿ ವ್ಯಾಂಪೈರ್ ಅಂತ ತಿಳಿದು ಉಪಮೇಯರ್‌ನನ್ನು ಕೊಂದಾಗ ಅವಳು ಒಳಗೊಳಗೇ ಒಡೆಯುತ್ತಾಳೆ. ಏಂಜೆಲ್ ಅವಳ ಜೊತೆ ಕೂತು ಮಾತಾಡುತ್ತಿರುತ್ತಾನೆ, ಅವಳು ಸ್ವಲ್ಪ ಕರಗುತ್ತಿರುತ್ತಾಳೆ. ಅಷ್ಟರಲ್ಲಿ ಹೊಸ ವಾಚರ್ ವೆಸ್ಲಿ ಕೌನ್ಸಿಲ್ ಆಳುಗಳನ್ನು ಕರೆತಂದು ಅವಳನ್ನು ಹಿಡಿಸುತ್ತಾನೆ. ತಪ್ಪಿಸಿಕೊಂಡವಳು ನೇರ ಮೇಯರ್ ಹತ್ತಿರ ಹೋಗುತ್ತಾಳೆ.

ಮೇಯರ್ ಬಗ್ಗೆ ಹೇಳಿ. ಖಳನಾಯಕ ಆದರೂ ಅವನನ್ನು ಕಂಡರೆ ಯಾಕೆ ಇಷ್ಟವಾಗುತ್ತದೆ?

ಮೇಯರ್ ರಿಚರ್ಡ್ ವಿಲ್ಕಿನ್ಸ್ ನೂರು ವರ್ಷದಿಂದ ಊರು ಆಳುತ್ತಿದ್ದಾನೆ. ಅಪ್ಪ, ಮಗ, ಮೊಮ್ಮಗ ಅಂತ ಹೆಸರು ಮಾತ್ರ ಬದಲಾಗುತ್ತದೆ, ಮನುಷ್ಯ ಒಬ್ಬನೇ. ದೆವ್ವಗಳಿಗೆ ಊಟಕ್ಕೆಂದೇ ಈ ಊರು ಕಟ್ಟಿದವನು. ಬೈಗುಳ ಕೇಳಿದರೆ ಮುಖ ಸಿಂಡರಿಸುತ್ತಾನೆ. ಕೈ ತೊಳೆದುಕೊಳ್ಳದವರನ್ನು ಕಂಡರೆ ಆಗುವುದಿಲ್ಲ. ಹಾಲು ಕುಡಿ ಅಂತ ಫೇತ್‌ಗೆ ಹೇಳುತ್ತಾನೆ.

ಅವನು ಅವಳಿಗೆ ಫ್ಲಾಟ್ ಕೊಡಿಸುತ್ತಾನೆ. ಬಟ್ಟೆ, ಆಟದ ಸಾಮಾನು ತರುತ್ತಾನೆ. ನೀನು ಜಾಣೆ ಅನ್ನುತ್ತಾನೆ. ಅವಳನ್ನು ಕೊಲೆಗೆ ಬಳಸಿಕೊಳ್ಳುತ್ತಾನೆ, ಅದೂ ನಿಜ. ಆದರೆ ಪ್ರೀತಿ ಸುಳ್ಳಲ್ಲ. ಅವಳು ಕೋಮಾದಲ್ಲಿ ಮಲಗಿದಾಗ ಅವನು ಕುಸಿಯುತ್ತಾನೆ. ಬಫಿ ಅವನನ್ನು ಕೆರಳಿಸಿ ಬಲೆಗೆ ಎಳೆಯುವುದು ಫೇತ್‌ಳ ಚಾಕು ತೋರಿಸಿಯೇ. ತಾನು ಸತ್ತರೂ ಅವಳಿಗೆ ಸಿಗಲಿ ಅಂತ ಒಂದು ವಿಡಿಯೊ ಮಾಡಿಟ್ಟು ಹೋಗಿದ್ದ.

ಟ್ರಾವರ್ಸ್‌ಗೆ ಪ್ರೀತಿ ಅಂದರೆ ಅಡ್ಡಿ. ಮೇಯರ್‌ಗೆ ಪ್ರೀತಿ ಮಾಡಲು ಬರುತ್ತದೆ. ಒಳ್ಳೆಯವರು ಮಾಡಬೇಕಾದ ಕೆಲಸವನ್ನು ಕೆಟ್ಟವನು ಮಾಡಿದ. ಹುಡುಗಿ ಅವನ ಕಡೆ ಹೋದಳು. ಫೇತ್‌ಳನ್ನು ದೂರುವವರಿಗೆ ನಾನು ಯಾವಾಗಲೂ ಕೇಳುವುದು ಆ ಮೋಟೆಲ್ ಕೋಣೆಯ ಬಗ್ಗೆ.

ಮೇಯರ್ ಪದವಿ ಸಮಾರಂಭದಲ್ಲಿ ಭಾಷಣ ಮಾಡುತ್ತಲೇ ದೊಡ್ಡ ಹಾವಾಗುತ್ತಾನೆ. ವಿದ್ಯಾರ್ಥಿಗಳು ಗೌನು ಸರಿಸಿ ಆಯುಧ ತೆಗೆಯುತ್ತಾರೆ. ಬಫಿ ಅವರಿಗೆಲ್ಲ ಮೊದಲೇ ಸತ್ಯ ಹೇಳಿರುತ್ತಾಳೆ. ಇಡೀ ಶಾಲೆಗೆ ವಿಷಯ ಗೊತ್ತಿದ್ದ ಮೊದಲ ಯುದ್ಧ ಇದು, ಗೆದ್ದದ್ದೂ ಅದಕ್ಕೇ. 1999ರ ಏಪ್ರಿಲ್‌ನಲ್ಲಿ ಕೊಲಂಬೈನ್ ಶಾಲೆಯ ಗುಂಡಿನ ದಾಳಿ ಆಗಿತ್ತು. ಹಾಗಾಗಿ ಮೇ ತಿಂಗಳಲ್ಲಿ ಬರಬೇಕಿದ್ದ ಈ ಕಂತನ್ನು ಚಾನೆಲ್ ಜುಲೈವರೆಗೆ ತಡೆಹಿಡಿದಿತ್ತು.

ಪ್ರಿನ್ಸಿಪಾಲ್ ಸ್ನೈಡರ್?

ಸಣ್ಣ ಕುರ್ಚಿಯ ದೊಡ್ಡ ದರ್ಪ. ಊರಲ್ಲಿ ಏನು ನಡೆಯುತ್ತಿದೆ ಅಂತ ಅವನಿಗೆ ಗೊತ್ತು. ವ್ಯಾಂಪೈರ್ ದಾಳಿ ಆದರೆ ಪೊಲೀಸರ ಜೊತೆ ಸೇರಿ ರೌಡಿ ಗ್ಯಾಂಗಿನ ಕೆಲಸ ಅಂತ ಕಥೆ ಕಟ್ಟುತ್ತಾನೆ. ಮಕ್ಕಳು ಸಾಯುತ್ತಿದ್ದರೂ ಅವನಿಗೆ ಶಿಸ್ತೇ ಚಿಂತೆ. ಕೊನೆಗೆ ಅವನು ಸೇವೆ ಮಾಡಿದ ಮೇಯರ್ರೇ ಅವನನ್ನು ನುಂಗುತ್ತಾನೆ.

ನಾಲ್ಕನೇ ಸೀಸನ್‌ನ ಮಿಲಿಟರಿ ಯಾಕೆ ಸೋತಿತು?

ಆ ಮಿಲಿಟರಿಯ ಹೆಸರು ಇನಿಷಿಯೇಟಿವ್. ಬಫಿಯ ಕಾಲೇಜಿನ ನೆಲದಡಿ ಅದರ ಗುಪ್ತ ಪ್ರಯೋಗಾಲಯ. ನಡೆಸುವವಳು ಮನಶ್ಶಾಸ್ತ್ರದ ಪ್ರೊಫೆಸರ್ ಮ್ಯಾಗಿ ವಾಲ್ಶ್. ಸೈನಿಕರಿಗೆ ಗೊತ್ತಾಗದಂತೆ ಊಟದಲ್ಲಿ ಔಷಧಿ ಬೆರೆಸಿ ಕೊಡುತ್ತಾಳೆ. ಬಫಿ ಪ್ರಶ್ನೆ ಜಾಸ್ತಿ ಕೇಳುತ್ತಾಳೆ ಅಂತ ಅವಳನ್ನು ಸಾಯಿಸಲು ನೋಡುತ್ತಾಳೆ. ತಾನೇ ಮುಚ್ಚಿದ ಕೋಣೆಯಲ್ಲಿ ಸೃಷ್ಟಿಸಿದ ಆ್ಯಡಂ ಅನ್ನುವ ರಾಕ್ಷಸನ ಕೈಯಲ್ಲಿ ಸಾಯುತ್ತಾಳೆ. ಕೌನ್ಸಿಲ್‌ನ ಕಥೆಯೇ, ಯೂನಿಫಾರಂ ಬೇರೆ.

ಗೆಳೆಯರ ನಡುವೆಯೂ ಇಂಥದ್ದು ಇತ್ತಾ?

ಇತ್ತು. ಹೊರಗಿನವರ ಅಧಿಕಾರ ಬೇಗ ಕಣ್ಣಿಗೆ ಬೀಳುತ್ತದೆ. ಪ್ರೀತಿಯವರದು ಬೀಳುವುದಿಲ್ಲ.

ಎರಡನೇ ಸೀಸನ್ ಕೊನೆಯಲ್ಲಿ, ಆತ್ಮ ಕಳೆದುಕೊಂಡು ಕ್ರೂರಿಯಾದ ಏಂಜೆಲ್‌ನನ್ನು ಕೊಲ್ಲಲು ಬಫಿ ಹೊರಟಿದ್ದಾಳೆ. ಅವನಿಗೆ ಆತ್ಮ ವಾಪಸ್ ತರಲು ಅವಳ ಗೆಳತಿ ವಿಲೋ ಮಂತ್ರ ಹಾಕುತ್ತಿದ್ದಾಳೆ. ಬಫಿಗೆ ಇದನ್ನು ಹೇಳು ಅಂತ ಜ್ಯಾಂಡರ್‌ನನ್ನು ಕಳಿಸುತ್ತಾಳೆ. ಅವನು ಹೇಳುವುದಿಲ್ಲ. ಅವನಿಗೆ ಏಂಜೆಲ್ ಮೇಲೆ ಸಿಟ್ಟಿತ್ತು, ಹೊಟ್ಟೆಕಿಚ್ಚೂ ಇತ್ತು. ಅವನನ್ನು ಹೊಡೆದು ಹಾಕು ಅಂತ ವಿಲೋ ಅಂದಳು ಅಂತ ಸುಳ್ಳು ಹೇಳುತ್ತಾನೆ. ಒಂದು ಮಾತು ಮುಚ್ಚಿಟ್ಟು ಬಫಿಯ ಬದುಕಿನ ದೊಡ್ಡ ತೀರ್ಮಾನವನ್ನು ತಾನೇ ತೆಗೆದುಕೊಂಡ.

ಆರನೇ ಸೀಸನ್‌ನಲ್ಲಿ ಸತ್ತ ಬಫಿಯನ್ನು ಗೆಳೆಯರು ಮಂತ್ರದಿಂದ ಎಬ್ಬಿಸುತ್ತಾರೆ. ಅವಳು ನರಕದಲ್ಲಿ ನರಳುತ್ತಿದ್ದಾಳೆ ಅಂತ ಅವರು ಅಂದುಕೊಂಡಿದ್ದರು. ಅವಳು ನೆಮ್ಮದಿಯ ಜಾಗದಲ್ಲಿದ್ದಳು. ಗೆಳೆಯರಿಗೆ ನೋವಾಗಬಾರದು ಅಂತ ಅವಳು ಅದನ್ನು ನುಂಗಿಕೊಂಡು ಬದುಕುತ್ತಾಳೆ. ಮೊದಲು ಹೇಳುವುದು ಸ್ಪೈಕ್‌ಗೆ ಮಾತ್ರ.

ಇದೇ ಸೀಸನ್‌ನ ವಿಲೋ ಮತ್ತು ಅವಳ ಸಂಗಾತಿ ಟಾರಾ ಜಗಳ ನನಗೆ ಇಡೀ ಧಾರಾವಾಹಿಯಲ್ಲೇ ಜಾಸ್ತಿ ಭಯ ತರಿಸುವ ಭಾಗ. ಜಗಳ ಆಯಿತು. ವಿಲೋ ಒಂದು ಮಂತ್ರ ಹೇಳಿ, ಜಗಳ ಆಡಿದ ನೆನಪನ್ನೇ ಟಾರಾ ತಲೆಯಿಂದ ಅಳಿಸುತ್ತಾಳೆ. ಬೆಳಿಗ್ಗೆ ಎದ್ದ ಟಾರಾ ನಗುತ್ತಾ ಓಡಾಡುತ್ತಾಳೆ. ವಿಲೋ ಅವಳನ್ನು ಪ್ರೀತಿಸುತ್ತಾಳೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಇಲ್ಲ ಅನ್ನುವ ಟಾರಾ ಅವಳಿಗೆ ಬೇಡ. ಟಾರಾಗೆ ವಿಷಯ ತಿಳಿದು ಬೇಡಿಕೊಂಡ ಮೇಲೂ ವಿಲೋ ಇನ್ನೊಂದು ಸಲ ಅದನ್ನೇ ಮಾಡುತ್ತಾಳೆ. ಟಾರಾ ಮನೆ ಬಿಟ್ಟು ಹೋಗುತ್ತಾಳೆ. ಸರಿಯಾಗಿ ಮಾಡಿದಳು.

ಬಫಿ ತಾನೇ ಯಜಮಾನಿಯಾದಾಗ ಏನಾಯಿತು? ಅವಳನ್ನು ಹೊರಗೆ ಕಳಿಸಿದ್ದು ಸರಿಯಾ?

ಏಳನೇ ಸೀಸನ್ ಹೊತ್ತಿಗೆ ಕೌನ್ಸಿಲ್ ಕಟ್ಟಡ ಸ್ಫೋಟದಲ್ಲಿ ಹೋಗಿದೆ. ಮುಂದೆ ಸ್ಲೇಯರ್ ಆಗಬಹುದಾದ ಹುಡುಗಿಯರು ಬಫಿಯ ಮನೆಗೆ ಬಂದು ತುಂಬಿಕೊಂಡಿದ್ದಾರೆ. ಅವಳು ಕಮಾಂಡರ್ ಥರ ಮಾತಾಡಲು ಶುರು ಮಾಡುತ್ತಾಳೆ. ಒಬ್ಬ ಹುಡುಗಿ ನೇಣು ಹಾಕಿಕೊಂಡಾಗ ಸಮಾಧಾನದ ಮಾತಿನ ಬದಲು ಗದರುತ್ತಾಳೆ. ಅವಳು ಮುನ್ನಡೆಸಿದ ದಾಳಿಯಲ್ಲಿ ಹುಡುಗಿಯರು ಸಾಯುತ್ತಾರೆ, ಜ್ಯಾಂಡರ್ ಒಂದು ಕಣ್ಣು ಕಳೆದುಕೊಳ್ಳುತ್ತಾನೆ. ಮತ್ತೆ ಅಲ್ಲಿಗೇ ಹೋಗೋಣ ಅನ್ನುತ್ತಾಳೆ. ಯಾಕೆ ಅಂದರೆ ನನ್ನನ್ನು ನಂಬಿ ಅನ್ನುತ್ತಾಳೆ.

‘ಎಂಪ್ಟಿ ಪ್ಲೇಸಸ್’ ಕಂತಿನಲ್ಲಿ ಎಲ್ಲರೂ ತಿರುಗಿ ಬೀಳುತ್ತಾರೆ. ಫೇತ್ ನಾಯಕಿ ಆಗಲಿ ಅನ್ನುತ್ತಾರೆ. ಮನೆ ಬಿಟ್ಟು ಹೋಗು ಅಂತ ಕೊನೆಯ ಮಾತು ಹೇಳುವುದು ತಂಗಿ ಡಾನ್.

ಅಭಿಮಾನಿಗಳು ಈ ಕಂತನ್ನು ಕಂಡರೆ ಉರಿಯುತ್ತಾರೆ. ನನ್ನ ಉತ್ತರ ಎರಡು ಮಾತಿನದು. ಅವಳ ನಾಯಕತ್ವ ಬೇಡ ಅನ್ನುವ ಹಕ್ಕು ಆ ಹುಡುಗಿಯರಿಗಿತ್ತು. ಸಾಯುವವರು ಅವರು. ಆದರೆ ಅವಳ ಮನೆಯಿಂದ ಅವಳನ್ನೇ ಹೊರಗೆ ಹಾಕುವ ಹಕ್ಕು ಯಾರಿಗೂ ಇರಲಿಲ್ಲ. ಜಾಗದ ಬಗ್ಗೆ ಬಫಿಯ ಊಹೆ ಸರಿಯಾಗಿಯೇ ಇತ್ತು, ಶತ್ರು ಅಡಗಿಸಿಟ್ಟ ಆಯುಧ ಅಲ್ಲೇ ಸಿಕ್ಕಿತು. ಫೇತ್ ಒಂದೇ ದಿನದಲ್ಲಿ ಹುಡುಗಿಯರನ್ನು ಬಾಂಬ್ ಇಟ್ಟ ಜಾಗಕ್ಕೆ ಕರೆದುಕೊಂಡು ಹೋದಳು. ಊಹೆ ಸರಿ ಇತ್ತು ಅಂದ ಮಾತ್ರಕ್ಕೆ ಬಫಿ ನಡೆದುಕೊಂಡ ರೀತಿ ಸರಿಯಾಗುವುದಿಲ್ಲ. ಟ್ರಾವರ್ಸ್ ಕೂಡ ಹೀಗೇ ಮಾತಾಡುತ್ತಿದ್ದ.

ಕೊನೆಯಲ್ಲಿ ಎಲ್ಲರಿಗೂ ಶಕ್ತಿ ಹಂಚಿದ್ದು ನಿಜವಾದ ಬಿಡುಗಡೆಯಾ?

‘ಚೋಸನ್’ ಕಂತಿನಲ್ಲಿ ಬಫಿ ಒಂದು ಸರಳ ಪ್ರಶ್ನೆ ಎತ್ತುತ್ತಾಳೆ. ಒಬ್ಬಳಿಗೇ ಯಾಕೆ? ಯಾವತ್ತೋ ಸತ್ತ ಗಂಡಸರು ಮಾಡಿದ ನಿಯಮ ಅದು. ವಿಲೋ ಮಂತ್ರದ ಬಲದಿಂದ ಲೋಕದ ಎಲ್ಲ ಅರ್ಹ ಹುಡುಗಿಯರಿಗೂ ಶಕ್ತಿ ಬರುತ್ತದೆ. ಬೇಸ್‌ಬಾಲ್ ಬ್ಯಾಟು ಹಿಡಿದು ನಿಂತ ಒಬ್ಬ ಚಿಕ್ಕ ಹುಡುಗಿಯ ಮುಖದಲ್ಲಿ ನಿಧಾನ ನಗು ಮೂಡುತ್ತದೆ. ಪ್ರತಿ ಸಲ ಕಣ್ಣು ತುಂಬುತ್ತದೆ.

ಆದರೆ ಒಂದು ಮಾತು. ಮನೆಯಲ್ಲಿದ್ದ ಹುಡುಗಿಯರನ್ನು ಬಫಿ ಕೇಳಿದಳು. ನಿಮಗೆ ಇದು ಬೇಕಾ ಅಂತ. ದೂರದ ಊರುಗಳ ಹುಡುಗಿಯರನ್ನು ಯಾರೂ ಕೇಳಲಿಲ್ಲ. ಇದರಿಂದಲೇ ಹುಟ್ಟಿದ ‘ಏಂಜೆಲ್’ ಧಾರಾವಾಹಿಯ ಐದನೇ ಸೀಸನ್‌ನ ‘ಡ್ಯಾಮೇಜ್’ ಕಂತಿನಲ್ಲಿ ಡೇನಾ ಅನ್ನುವ ಹುಡುಗಿ ಬರುತ್ತಾಳೆ. ಬಾಲ್ಯದಲ್ಲಿ ಘೋರ ಹಿಂಸೆ ಅನುಭವಿಸಿ ಮಾನಸಿಕ ಆಸ್ಪತ್ರೆಯಲ್ಲಿದ್ದವಳು. ಒಂದು ದಿನ ಇದ್ದಕ್ಕಿದ್ದಂತೆ ಅವಳ ಮೈಗೆ ಈ ಶಕ್ತಿ ಬರುತ್ತದೆ, ತಲೆಯ ತುಂಬಾ ಹಳೆಯ ಸ್ಲೇಯರ್‌ಗಳ ನೆನಪು. ಏನಾಗುತ್ತಿದೆ ಅಂತ ಹೇಳುವವರೇ ಇಲ್ಲ. ಸ್ಪೈಕ್‌ನನ್ನು ತನ್ನನ್ನು ಹಿಂಸಿಸಿದವನು ಅಂತ ತಿಳಿದು ಅವನ ಕೈಗಳನ್ನು ಕತ್ತರಿಸುತ್ತಾಳೆ.

ಹಾಗಂತ ಬಫಿ ಆ ಮೊದಲ ಗಂಡಸರ ಥರ ಅಂತ ನಾನು ಹೇಳುವುದಿಲ್ಲ. ಅವರು ಶಕ್ತಿ ಕೊಟ್ಟು ಸರಪಳಿ ತಮ್ಮ ಕೈಯಲ್ಲಿ ಇಟ್ಟುಕೊಂಡರು. ಇವಳು ಕೊಟ್ಟು ಕೈ ಬಿಟ್ಟಳು. ಆದರೂ ಡೇನಾಳನ್ನು ಕೇಳಲಿಲ್ಲ ಅನ್ನುವುದು ಹಾಗೇ ಉಳಿಯುತ್ತದೆ.

ತೆರೆಯ ಹಿಂದೆಯೂ ಅಧಿಕಾರದ ದುರ್ಬಳಕೆ ಇತ್ತಾ?

2021ರ ಫೆಬ್ರವರಿಯಲ್ಲಿ, ಕಾರ್ಡೆಲಿಯಾ ಪಾತ್ರ ಮಾಡಿದ ಕರಿಸ್ಮಾ ಕಾರ್ಪೆಂಟರ್ ಬಹಿರಂಗವಾಗಿ ಮಾತಾಡಿದರು. ‘ಬಫಿ’ ಮತ್ತು ‘ಏಂಜೆಲ್’ ಸೆಟ್‌ಗಳಲ್ಲಿ ಜಾಸ್ ವೀಡನ್ ಅಧಿಕಾರ ದುರ್ಬಳಕೆ ಮಾಡಿಕೊಂಡರು, ತಾವು ಗರ್ಭಿಣಿಯಾಗಿದ್ದಾಗ ಕ್ರೂರವಾಗಿ ನಡೆದುಕೊಂಡರು ಅಂತ ಆರೋಪಿಸಿದರು. ಟಾರಾ ಪಾತ್ರದ ಆ್ಯಂಬರ್ ಬೆನ್ಸನ್ ಮತ್ತು ಡಾನ್ ಪಾತ್ರದ ಮಿಶೆಲ್ ಟ್ರ್ಯಾಕ್ಟನ್‌ಬರ್ಗ್ ಅವರ ಬೆಂಬಲಕ್ಕೆ ಬಂದರು. ಬಫಿ ಸಮ್ಮರ್ಸ್ ಹೆಸರಿನ ಜೊತೆ ತಮ್ಮ ಹೆಸರು ಸೇರಿರುವುದು ಹೆಮ್ಮೆ, ಆದರೆ ವೀ‌ಡನ್ ಹೆಸರಿನ ಜೊತೆ ಸದಾ ಸೇರಿರಲು ಇಷ್ಟ ಇಲ್ಲ ಅಂತ ಗೆಲ್ಲರ್ ಬರೆದರು.

ಇದನ್ನು ಓದಿದ ಮೇಲೆ ಧಾರಾವಾಹಿ ನೋಡಲು ನನಗೆ ಸ್ವಲ್ಪ ಕಾಲ ಮನಸ್ಸಾಗಲಿಲ್ಲ. ಆಮೇಲೆ ಗೆಲ್ಲರ್ ಮಾತು ಹಿಡಿದುಕೊಂಡೆ. ಬಫಿ ಒಬ್ಬರ ಸ್ವತ್ತಲ್ಲ. ಆ ಕಂತುಗಳನ್ನು ಬರೆದವರಲ್ಲಿ ಮಾರ್ಟಿ ನಾಕ್ಸನ್, ಜೇನ್ ಎಸ್ಪೆನ್ಸನ್ ಅಂಥವರೂ ಇದ್ದಾರೆ. ಪಾತ್ರಗಳಿಗೆ ಜೀವ ತುಂಬಿದ ಹೆಂಗಸರಿದ್ದಾರೆ.

ಒಂದೇ ಕಂತು ನೋಡಲು ಸಮಯ ಇದೆ. ಯಾವುದು ನೋಡಲಿ?

‘ಹೆಲ್ಪ್‌ಲೆಸ್’. ಟ್ರಾವರ್ಸ್ ಹೊರಟು ಹೋದ ಮೇಲಿನ ಅರ್ಧ ನಿಮಿಷವನ್ನು ಬಿಡಬೇಡಿ. ಜೈಲ್ಸ್‌ಗೆ ಈಗ ಕೆಲಸ ಇಲ್ಲ, ಬಫಿಯ ಮೇಲೆ ಯಾವ ಹಕ್ಕೂ ಇಲ್ಲ. ಅವಳ ಹಣೆಯ ಗಾಯದಲ್ಲಿ ರಕ್ತ ಇದೆ. ಅವನು ಬಟ್ಟೆ ಒದ್ದೆ ಮಾಡಿ ಹತ್ತಿರ ಬರುತ್ತಾನೆ. ಇಬ್ಬರೂ ಮಾತಾಡುವುದಿಲ್ಲ. ಅವಳು ದೂರ ಸರಿಯುವುದಿಲ್ಲ, ಒರೆಸಲು ಬಿಡುತ್ತಾಳೆ.